ಗಡಿಬಂಡೆಯ ಮಜ್ಜಿಗೆ

"ತಾತ, ಕೊಡುವುದೋ ಬೇಡವೋ?" ಎಂದು ಮುನಿಕೃಷ್ಣ ಕೇಳಿದ.

ಏನನ್ನು ಕೊಡುವುದು ಎಂದು ಬ್ಯಾಟಪ್ಪ ತಾತ ಕೇಳಿದರು. ತಾತ ತತ್ವ ಹೇಳುವವರು. ಶಿಷ್ಯ ದೊಡ್ಡ ಹುದ್ದೆಯಲ್ಲಿದ್ದಾನೆಂದು, ಗೊತ್ತಿಲ್ಲದ್ದಕ್ಕೂ ತಲೆಯಾಡಿಸುವ ಚಾಳಿ ಅವರಿಗಿರಲಿಲ್ಲ.

ಮುನಿಕೃಷ್ಣ ಬಿಡಿಸಿ ಹೇಳಿದ. ಮೇಲೆ ತಿರುಗುವ ಉಪಗ್ರಹಗಳು ಭೂಮಿಯ ಚಿತ್ರ ತೆಗೆಯುತ್ತವೆ. ಎಲ್ಲಿ ಮೋಡ, ಎಲ್ಲಿ ನೆರೆ, ಎಲ್ಲಿ ಕಾಡಿಗೆ ಬೆಂಕಿ ಬಿತ್ತು, ಎಲ್ಲ ಅದರಲ್ಲಿ ಕಾಣುತ್ತದೆ. ಅವನ ಕಚೇರಿಯ ಕೆಲಸ ಅದೇ. ಈಗ ಹನ್ನೊಂದು ದೇಶದವರು ಕೂತು, ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ಹೇಗೆ ಹಂಚಬೇಕು ಎಂದು ಯೋಜನೆ ಹಾಕುತ್ತಿದ್ದಾರೆ. ನಮ್ಮ ಕಡೆಯ ಷರತ್ತು ಬರೆಯುವವನು ಇವನೇ. ಸೋಮವಾರ ಕಾಗದ ಹೋಗಬೇಕು. ಆ ಹನ್ನೊಂದರಲ್ಲಿ ಒಂದು ಸಣ್ಣ ದ್ವೀಪ. ಅವರಿಗೆ ಉಪಗ್ರಹವಿಲ್ಲ. ದಡದಲ್ಲಿ ನೆಟ್ಟ ನಾಲ್ಕು ಅಳತೆಗೋಲು, ಮಳೆ ಅಳೆಯುವ ಡಬ್ಬಿ, ಅಷ್ಟೇ. ಅವರು ನಮ್ಮ ಚಿತ್ರವನ್ನು ದಿನವೂ ಕೇಳುತ್ತಾರೆ. ಹೋದ ವರ್ಷ ಸಮುದ್ರ ಒಳಗೆ ಬಂದು ಅವರ ಎರಡು ಊರು ಹೋದವು. ಅದು ಸುಳ್ಳಲ್ಲ. ಆದರೆ ಅವರಿಗೂ ಪಕ್ಕದ ಇನ್ನೊಂದು ದೇಶಕ್ಕೂ ಓಡಾಟ ಜಾಸ್ತಿ.

"ಅವರಿಬ್ಬರ ನಡುವೆ ಏನೋ ಇದೆ ಅಂತ ನಮ್ಮ ಮೇಲಿನವರು ಹೇಳುತ್ತಾರೆ. ಏನಿದೆ ಎಂದು ತಿಳಿಯದೆ ಹೇಗೆ ಕೊಡುವುದು ತಾತ? ಕೊಟ್ಟರೂ ಅವರಿಂದ ನಮಗೆ ಬರುವುದೇನು?"

ತಾತ ನಕ್ಕರು. ನಡುವೆ ಏನೋ ಇದೆ ಎಂದಮೇಲೆ ಕೂತು ಕೇಳಬೇಕಾದ್ದೇ ಎಂದು ಕತೆ ಹಿಡಿದರು.

ಒಂದು ಹಳ್ಳ. ಹಳ್ಳಕ್ಕೆ ಮೂರು ಕೆರೆ. ಮೇಲಿನದು ತುಂಬಿದರೆ ನೀರು ನಡುವಿನದಕ್ಕೆ, ನಡುವಿನದು ತುಂಬಿದರೆ ಕೆಳಗಿನದಕ್ಕೆ. ಮೂರು ಕೆರೆಗೆ ಮೂರು ಊರು, ಮೂರು ಊರಿಗೆ ಮೂವರು ಪಾಳೇಗಾರರು. ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗದು. ಹೆಣ್ಣು ಕೊಟ್ಟು ತರುವುದು ಮಾತ್ರ ನಿಂತಿರಲಿಲ್ಲ, ಜಗಳಕ್ಕೆ ಕಾರಣ ಬೇಕಲ್ಲ.

ಪ್ರತಿ ಕೆರೆಗೂ ಒಬ್ಬ ನೀರಗಂಟಿ. ತೂಬು ತೆಗೆಯುವವನು, ಮುಚ್ಚುವವನು, ಏರಿ ಕಾಯುವವನು. ಆ ಕಾಲದ ನೀರಗಂಟಿಯೆಂದರೆ ನೀರಗಂಟಿ. ಮದುವೆ ಮನೆಯಲ್ಲಿ ಮೊದಲ ಎಲೆ ಅವನಿಗೆ. ಈಗ ಆ ಹೆಸರು ಹೇಳಿದರೆ ಮಕ್ಕಳು ಯಾವ ಹಕ್ಕಿ ಎಂದು ಕೇಳುತ್ತವೆ.

ನೀರು ಅಳೆಯುವುದರಲ್ಲೂ ಮೂವರದು ಮೂರು ದಾರಿ. ಮೇಲಿನ ಊರಿನವರು ಎಷ್ಟು ಮೆಟ್ಟಿಲು ಮುಳುಗಿತೆಂದು ಎಣಿಸುತ್ತಿದ್ದರು. ನಡುವಿನ ಕೆರೆಯಲ್ಲಿ ಒಂದು ಕಲ್ಲಿನ ಬಸವ. ನೀರು ಬಸವನ ಮಂಡಿಗೆ ಬಂತು, ಎದೆಗೆ ಬಂತು, ಕೊರಳಿಗೆ ಬಂತು ಎನ್ನುವುದು ಅವರ ಲೆಕ್ಕ. ಕೆಳಗಿನವರದು ಗಂಟು ಹಾಕಿದ ಹಗ್ಗ. ಒಬ್ಬರ ಅಳತೆ ಇನ್ನೊಬ್ಬರಿಗೆ ತಿಳಿಯದು. ತಿಳಿದುಕೊಳ್ಳುವುದು ಮರ್ಯಾದೆಗೆ ಕಡಿಮೆ.

ಮೂರೂ ತಿಳಿದವಳು ಒಬ್ಬಳೇ. ಕೆಳಗಿನ ಊರಿನ ಮಜ್ಜಿಗೆಯವಳು. ಗಂಡ ಬಿಟ್ಟವಳು. ಬಿಟ್ಟನೋ ಬಿಡಿಸಿಕೊಂಡಳೋ ಎಂಬುದರಲ್ಲಿ ಊರಿಗೆ ಒಮ್ಮತವಿರಲಿಲ್ಲ. ಬೆಳಗಾದರೆ ಮಡಕೆ ಹೊತ್ತು ಹೊರಡುವಳು. ನಡುವಿನ ಊರಿನಲ್ಲಿ ಅರ್ಧ ಮಾರಿ, ಮೇಲಿನ ಊರಿನ ಗಡಿಬಂಡೆಯ ತನಕ ಹೋಗಿ ಮಡಕೆ ಇಳಿಸುವಳು. ಆ ಮಜ್ಜಿಗೆಯ ಮಾತೇ ಬೇರೆ. ಕರಿಬೇವು ಕೈಯಲ್ಲಿ ಹಿಸುಕಿ ಹಾಕಿದ್ದು, ಹಸಿಶುಂಠಿ ಜಜ್ಜಿ ಬಿಟ್ಟದ್ದು. ಕುಡಿದವನು ಬಟ್ಟಲು ಹಿಂದಕ್ಕೆ ಕೊಡಲು ಮರೆಯುತ್ತಿದ್ದ.

ಮೇಲಿನ ಕೆರೆಯ ನೀರಗಂಟಿ ದಿನವೂ ಆ ಬಂಡೆಗೆ ಬರುತ್ತಿದ್ದ. ಕೂರುತ್ತಿದ್ದ. ಒಂದು ಬಟ್ಟಲು ಕುಡಿಯುವಷ್ಟು ಹೊತ್ತು ಇಬ್ಬರೂ ಮಾತಾಡುತ್ತಿದ್ದರು.

ಜನ ಸುಮ್ಮನಿರುತ್ತಾರೆಯೇ? ಮನೆಯಲ್ಲಿ ಎರಡು ಎಮ್ಮೆ ಕರೆಯುವವನು ಮಜ್ಜಿಗೆಗೆಂದು ಅರ್ಧ ಹರದಾರಿ ನಡೆಯುತ್ತಾನೆಂದರೆ, ಆ ಮಜ್ಜಿಗೆಯಲ್ಲಿ ಏನೋ ಇದೆ ಎಂದರು. ಅವನ ಹೆಂಡತಿಯ ಕಿವಿಗೆ ಹಾಕಿದರು. ಒಬ್ಬಳು ಹಾಕಿದ್ದು ಸಾಲದೆಂದು ಇನ್ನೊಬ್ಬಳೂ ಹೋಗಿ ಹಾಕಿ ಬಂದಳು. ಹೆಂಡತಿ ಎರಡು ಎಮ್ಮೆಯ ಮಜ್ಜಿಗೆಯನ್ನೂ ಅವನ ಮುಂದೆ ಕುಕ್ಕಿದಳು. ಅವನು ಕುಡಿದ. ಕುಡಿದು ಎದ್ದು ಬಂಡೆಗೆ ಹೋದ. ಇದಕ್ಕಿಂತ ಸಾಕ್ಷಿ ಬೇಕೇ?

ಬಂಡೆಯ ಮೇಲೆ ಅವರು ಏನು ಮಾತಾಡುತ್ತಾರೆ ಎಂದು ಮಾತ್ರ ಯಾರೂ ಕಿವಿಗೊಡಲಿಲ್ಲ. ಮಾತಾಡುವುದು ಕಂಡರೆ ಸಾಕಾಗಿತ್ತು.

ಅವರು ಆಡುತ್ತಿದ್ದದ್ದು ಇಷ್ಟು. ಮೇಲೆ ಒಂಬತ್ತು ಮೆಟ್ಟಿಲು ಮುಳುಗಿದೆ ಎಂದು ಅವನು ಹೇಳುವನು. ಮೇಲೆ ಒಂಬತ್ತಾದರೆ ನಾಡಿದ್ದು ಬಸವನ ಎದೆ ನೆನೆಯುತ್ತದೆ, ಆಚೆ ನಾಡಿದ್ದು ಕೆಳಗೆ ಐದು ಗಂಟು ಮುಳುಗುತ್ತದೆ. ಇದು ಅವಳಿಗೆ ಬಾಯಿಪಾಠ. ಹಿಂದಿರುಗುವಾಗ ಎರಡೂ ಕೆರೆಯ ನೀರಗಂಟಿಗಳಿಗೆ ಹೇಳಿ ಹೋಗುವಳು. ಅವರು ಹೆಚ್ಚಿನ ನೀರು ಹೋಗಲೆಂದು ಕೋಡಿಯ ಹಲಗೆ ತೆಗೆಯುವರು. ಅದಕ್ಕೆ ಬದಲು ಅವಳು ಮೇಲಿನವನಿಗೆ ಮೋಡದ ಸುದ್ದಿ ಕೊಡುವಳು. ಹಿಂಗಾರು ಮಳೆ ಮೂಡಲಿಂದ ಬರುತ್ತದೆ. ಮೇಲಿನ ಊರಿಗೆ ಮೂಡಲು ಕಾಣದಂತೆ ಗುಡ್ಡ ಅಡ್ಡ. ಕೆಳಗಿನ ಊರಿಗೆ ಬಯಲು. ಮೋಡ ಮೊದಲು ಕಾಣುವುದು ಕೆಳಗಿನವರಿಗೆ. ಮೂಡಲು ಕಪ್ಪಾಗಿದೆ ಎಂದು ಅವಳು ಹೇಳಿದ ದಿನ ಅವನು ಹೋಗಿ ತೂಬು ತೆಗೆದು, ಬರುವ ನೀರಿಗೆ ಜಾಗ ಮಾಡುವನು. ಹೀಗೆ ಹನ್ನೆರಡು ವರ್ಷ. ನೀರು ಕೆಳಗೆ ಇಳಿಯಿತು, ಸುದ್ದಿ ಮೇಲೂ ಹತ್ತಿತು, ಕೆಳಗೂ ಇಳಿಯಿತು. ಮೂರು ಏರಿಯೂ ನಿಂತಿದ್ದವು.

ಒಂದು ವರ್ಷ ಅವಳಿಗೆ ಹತ್ತು ದಿನ ಜ್ವರ ಬಂತು. ಆ ಹತ್ತು ದಿನದಲ್ಲಿ ಒಂದು ಮಳೆ ಬಂದು ನಡುವಿನ ಏರಿ ಸೋರಿತು, ಕೆಳಗಿನವರ ಹುಲ್ಲುಮೆದೆ ತೇಲಿತು. ಪಾಳೇಗಾರರು ಎಚ್ಚೆತ್ತರು. ಇನ್ನು ಹೀಗೆ ಬಿಟ್ಟರೆ ಆಗದು, ನೀರಿನ ಸುದ್ದಿಯನ್ನು ಮೂರು ಸೀಮೆಯೂ ಕ್ರಮವಾಗಿ ಹಂಚಿಕೊಳ್ಳಬೇಕು, ಅದಕ್ಕೊಂದು ಕಟ್ಟಳೆ ಬೇಕು ಎಂದು ಗಡಿಯಲ್ಲಿ ಚಪ್ಪರ ಹಾಕಿಸಿದರು. ಮಾತೇನೋ ಒಳ್ಳೆಯದೇ. ಜ್ವರದ ವಿಷಯ ಯಾರೂ ಎತ್ತಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಮೊದಲ ಸಭೆ ಯಾರ ಗಾದಿ ಎಷ್ಟು ಎತ್ತರ ಎಂಬುದರಲ್ಲಿ ಮುಗಿಯಿತು. ಎರಡನೆಯ ಸಭೆ ಅಳತೆಯದು. ಮೆಟ್ಟಿಲೇ ಇರಲಿ ಎಂದರು ಮೇಲಿನವರು. ನಮ್ಮ ಬಸವನನ್ನು ಕೀಳುಮಾಡಿದಿರಿ ಎಂದು ನಡುವಿನವರು ಎದ್ದರು. ಕೆಳಗಿನವರು ಹಗ್ಗ ಬಿಡಲಿಲ್ಲ. ಮೂರು ಅಳತೆಯನ್ನೂ ಮೂರು ಓಲೆಯಲ್ಲಿ ಬರೆಯುವುದೆಂದು ಗೊತ್ತಾಯಿತು. ಒಬ್ಬರದ್ದನ್ನು ಒಬ್ಬರು ಓದುವುದು ಹೇಗೆಂದು ಮುಂದಿನ ವರ್ಷಕ್ಕೆ ಇಟ್ಟುಕೊಂಡರು.

ಮೂರನೆಯ ಸಭೆಯಲ್ಲಿ ಮೇಲಿನ ಪಾಳೇಗಾರ ಬಾಯಿಬಿಟ್ಟ. ನೀರೂ ಕೆಳಕ್ಕೆ ಹೋಗುತ್ತದೆ, ಸುದ್ದಿಯೂ ಕೆಳಕ್ಕೆ ಹೋಗಬೇಕು ಎನ್ನುತ್ತೀರಿ, ಹಾಗಾದರೆ ಮೇಲಕ್ಕೆ ಬರುವುದೇನು ಎಂದ. ಕೆಳಗಿನ ಪಾಳೇಗಾರ ಗಾದಿ ಸರಿಮಾಡಿಕೊಂಡ. ಮೇಲಿನವನು ಹಿಂದೆ ತಿರುಗಿ, ಕೋಲು ಹಿಡಿದು ನಿಂತಿದ್ದ ತನ್ನ ನೀರಗಂಟಿಯನ್ನು ಕರೆದ.

"ಏನಪ್ಪ, ಕೆಳಗಿನವರಿಂದ ನಿನಗೆ ಬೇಕಾದ್ದು ಏನಾದರೂ ಇದೆಯೇ?"

"ಮಜ್ಜಿಗೆ" ಎಂದು ಗುಂಪಿನಲ್ಲಿ ಯಾರೋ ಅಂದರು.

ಚಪ್ಪರ ಬೀಳುವ ಹಾಗೆ ಜನ ನಕ್ಕರು. ಪಾಳೇಗಾರರೂ ನಕ್ಕರು. ಮೂವರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ. ನೀರಗಂಟಿಯ ಹೆಂಡತಿ ಹೆಂಗಸರ ಸಾಲಿನಲ್ಲಿ ನಿಂತಿದ್ದಳು. ಅವಳು ನಗಲಿಲ್ಲ. ಅವಳ ಅಣ್ಣಂದಿರೂ ನಗಲಿಲ್ಲ.

ಆಗ ಅವನು ಹೇಳಬಹುದಿತ್ತು. ಮೋಡದ ಸುದ್ದಿ ಅಲ್ಲಿಂದಲೇ ಬರುತ್ತದೆ ಎಂದಿದ್ದರೆ ಮುಗಿಯಿತು. ಆದರೆ ಯಾರು ತರುತ್ತಾರೆ ಎಂದು ಕೇಳುತ್ತಾರಲ್ಲ.

"ಏನೂ ಇಲ್ಲ, ಬುದ್ಧಿ. ಮಳೆ ಬರುವ ಮೊದಲು ನನ್ನ ಮಂಡಿ ನೋಯುತ್ತದೆ. ನನಗೆ ಅದೇ ಸುದ್ದಿ" ಎಂದ.

ಶಾನುಭೋಗ ಅದನ್ನೇ ಬರೆದುಕೊಂಡ. ಮೇಲಿನ ಸೀಮೆಗೆ ಕೆಳಗಿನಿಂದ ಬೇಕಾದ್ದು ಯಾವುದೂ ಇಲ್ಲ. ಕೆಳಗಿನವರು ಸರಿಸಮನಾದ್ದು ಏನಾದರೂ ಕೊಡುವ ತನಕ ಮೇಲಿನಿಂದ ಸುದ್ದಿ ಇಳಿಯತಕ್ಕದ್ದಲ್ಲ. ಅಲ್ಲಿಯವರೆಗೆ ಮುದ್ರೆಯಿಲ್ಲದ ಮಾತು ಗಡಿ ದಾಟಕೂಡದು. ಬಂಡೆಯ ಹತ್ತಿರ ಒಬ್ಬ ಕಾವಲಿನವನನ್ನು ನಿಲ್ಲಿಸಿದರು. ಮಾರನೆಯ ಬೆಳಗ್ಗೆ ಮಜ್ಜಿಗೆಯವಳು ಬಂದಾಗ ಅವನು ಮಡಕೆಯ ಸಮೇತ ಹಿಂದಕ್ಕೆ ಕಳಿಸಿದ. ಸುಮ್ಮನೆ ಕಳಿಸಲಿಲ್ಲ, ಹಿಂದಿನಿಂದ ಏನೇನೋ ಅಂದ. ಅದನ್ನು ನಾನು ಹೇಳುವುದಿಲ್ಲ.

ಕಾರ್ತಿಕದಲ್ಲಿ ಮೂಡಲು ಕಟ್ಟಿತು. ಮಜ್ಜಿಗೆಯವಳು ಎರಡು ದಿನ ನೋಡಿದಳು. ಮೋಡ ಕರಗಲಿಲ್ಲ. ಮೂರನೆಯ ದಿನ ಬರಿಗೈಯಲ್ಲಿ ಬಂಡೆಗೆ ಬಂದಳು. ಮೇಲಿನ ಏರಿಯ ಮೇಲೆ ಹತ್ತು ಆಳುಗಳ ಜೊತೆ ನೀರಗಂಟಿ ಜಾಲಿ ಕಡಿಸುತ್ತಿದ್ದ. ಕೂಗಿದರೆ ಕೇಳುವಷ್ಟು ದೂರ. ತಾನು ಅವನನ್ನು ನೋಡಬೇಕಾಗಿಲ್ಲ, ಮೂಡಲು ಎರಡು ದಿನದಿಂದ ಕಪ್ಪಾಗಿದೆ ಎಂದು ತಿಳಿಸಿದರೆ ಸಾಕು ಎಂದು ಕಾವಲಿನವನಿಗೆ ಹೇಳಿದಳು. ಕಾವಲಿನವನು ಏರಿಯ ಕಡೆ ತಿರುಗಿ, ನಿನ್ನ ಮಜ್ಜಿಗೆ ಬಂದಿದೆ ಎಂದು ಕೂಗಿದ.

ಹತ್ತು ಆಳುಗಳೂ ಮಚ್ಚು ನಿಲ್ಲಿಸಿ ನೀರಗಂಟಿಯ ಮುಖ ನೋಡಿದರು.

"ಯಾರವಳು? ನನಗೆ ಗೊತ್ತಿಲ್ಲ" ಎಂದ ಅವನು.

ಅವಳಿಗೆ ಕೇಳಿಸಿತು. ತಿರುಗಿ ನಡೆದಳು.

ಕಾವಲಿನವನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ? ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಮೂಡಲು ಕಪ್ಪಾಗಿದೆಯಂತೆ, ಹಾಗೆ ಹೇಳಿ ಕಳಿಸಿದ್ದಾಳಂತೆ. ಕಪ್ಪು ಎಂದರೆ ಏನು? ಅಮಾವಾಸ್ಯೆಯೇ? ಅವತ್ತು ಬಾ ಎಂದೇ? ಒಬ್ಬಳು, ಮೋಡ ಕಟ್ಟಿದೆ ಎಂದರೆ ಹೊಟ್ಟೆಯಲ್ಲಿ ಮಗು ಕಟ್ಟಿದೆ ಎಂದಳು. ಅಲ್ಲಿಗೆ ಎಲ್ಲರಿಗೂ ಅರ್ಥವಾಯಿತು. ಕಟ್ಟೆಕಟ್ಟೆಯ ಮೇಲೂ ಅದೇ ಮಾತು. ಮೂಡಲು ಕಪ್ಪಾಗಿದೆ ಎಂಬ ಸುದ್ದಿ ಮೇಲಿನ ಊರಿನ ಪ್ರತಿಯೊಂದು ಮನೆಗೂ ತಲುಪಿತು. ಮಳೆ ಬರುತ್ತದೆ ಎಂದು ಒಬ್ಬರಿಗೂ ತಿಳಿಯಲಿಲ್ಲ.

ತಿಳಿದವನು ನೀರಗಂಟಿ ಒಬ್ಬನೇ. ಮರುದಿನ ಅವನು ತೂಬಿನ ಹತ್ತಿರ ಹೋದ. ಕೆರೆಯಲ್ಲಿ ಹದಿನಾಲ್ಕು ಮೆಟ್ಟಿಲು ಮುಳುಗಿತ್ತು. ಹದಿನೇಳು ಮುಳುಗಿದರೆ ನೀರು ಏರಿಯ ಮಟ್ಟಕ್ಕೆ. ತೂಬಿನ ಕಂಬಕ್ಕೆ ಕೈಹಾಕಿದ. ಬಿಸಿಲು ಚೆನ್ನಾಗಿತ್ತು. ಬಿಸಿಲಿನಲ್ಲಿ ತೂಬು ತೆಗೆದರೆ, ಅವಳು ಹೇಳಿ ಕಳಿಸಿದ್ದಕ್ಕೆ ತೆಗೆದ ಎನ್ನುತ್ತಾರೆ. ಹೆಂಡತಿ ಬುತ್ತಿ ತಂದು ಏರಿಯ ಮೇಲೆ ಕೂತಿದ್ದಳು. ಎಂದೂ ತರದವಳು ಅಂದು ತಂದಿದ್ದಳು. ಅವನು ಕೈ ತೆಗೆದ. ಬುತ್ತಿ ಉಂಡ. ಅವಳ ಹಿಂದೆಯೇ ಮನೆಗೆ ಹೋದ.

ಮಾರನೆಯ ಬೆಳಗ್ಗೆ ಹಿಡಿದ ಮಳೆ ಬಿಡಲಿಲ್ಲ. ಬಯಲಿನಲ್ಲಿ ಬರೀ ತುಂತುರು, ಗುಡ್ಡದ ಮೇಲೆ ಆಕಾಶವೇ ಜಾರಿತು. ಅವನು ಓಡಿ ಹೋಗಿ ತೂಬು ತೆಗೆದ. ತೂಬಿನ ಬಾಯಿ ಎಷ್ಟು, ಬರುವ ನೀರು ಎಷ್ಟು? ಮಧ್ಯಾಹ್ನಕ್ಕೆ ಮೇಲಿನ ಏರಿ ಒಡೆಯಿತು. ಮೊದಲು ಮುಳುಗಿದ್ದು, ಕೆಳಗಿನಿಂದ ಏನೂ ಬೇಡವೆಂದವರ ಗದ್ದೆ. ಆಮೇಲೆ ನಡುವಿನದು, ಬಸವನ ಸಮೇತ. ಕೆಳಗಿನ ನೀರಗಂಟಿ ಹಗ್ಗ ಇಳಿಬಿಟ್ಟು ನೋಡಿದ. ಇನ್ನೂ ಮೂರು ಗಂಟು ಒಣಗಿತ್ತು. ಅವನು ಊಟಕ್ಕೆ ಹೋದ. ಊಟ ಮುಗಿಯಲಿಲ್ಲ.

ನೀರು ಇಳಿದಮೇಲೆ ಮೇಲಿನ ನೀರಗಂಟಿಯ ಕೋಲು ಸಿಕ್ಕಿತು, ಅವನು ಸಿಗಲಿಲ್ಲ. ಮಜ್ಜಿಗೆಯವಳ ಮನೆಯಿದ್ದ ಜಾಗದಲ್ಲಿ ಮರಳಿತ್ತು. ಉಳಿದ ಜನ ಗುಡ್ಡದ ಮೇಲೆ ಒದ್ದೆ ಬಟ್ಟೆಯಲ್ಲಿ ಕೂತು ಮಾತಾಡಿಕೊಂಡರು. ಗಲಾಟೆಯಲ್ಲಿ ಇಬ್ಬರೂ ಓಡಿಹೋದರು ಎಂದರು.

ತಾತ ಕತೆ ಅಲ್ಲಿಗೆ ಮುಗಿಸಿದರು. ಆ ಮೂರು ಕೆರೆಯ ಜಾಗದಲ್ಲಿ ಈಗ ನೀಲಗಿರಿ ತೋಪು ಇದೆ ಎಂದರು. ಬಂಡೆ ಮಾತ್ರ ಹಾಗೇ ಇದೆ. ತಾತನಿಗೆ ಅವರ ಅಜ್ಜಿ ಕೈಹಿಡಿದು ತೋರಿಸಿದ್ದಳಂತೆ, ದಿನವೂ ಮಡಕೆ ಇಳಿಸಿ ಇಳಿಸಿ ಅದರ ಮೇಲೆ ಒಂದು ಗುಳಿ ಬಿದ್ದಿದೆ. ಮಳೆ ಬಂದರೆ ಅದರಲ್ಲಿ ಒಂದು ಬಟ್ಟಲು ನೀರು ನಿಲ್ಲುತ್ತದೆ, ಮೈನಾ ಬಂದು ಕುಡಿಯುತ್ತವೆ. ಅಂಥ ಮಜ್ಜಿಗೆ ಮತ್ತೆ ಆ ಸೀಮೆಯಲ್ಲಿ ಯಾರೂ ಕುಡಿಯಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಅವಳೂ ಕುಡಿದವಳಲ್ಲ. ಅವಳಿಗೆ ಅವಳ ಅಜ್ಜಿ ಹೇಳಿದ್ದು.

ಮುನಿಕೃಷ್ಣ ಮುಂದಕ್ಕೆ ಬಾಗಿದ. ಒಂದೇ ಒಂದು ವಿಷಯ ತಿಳಿಯಲಿಲ್ಲ ಎಂದ.

"ಏನು?"

"ನಿಜವಾಗಿಯೂ ಅವರಿಬ್ಬರ ನಡುವೆ ಏನಾದರೂ ಇತ್ತೇ ತಾತ?"

"ಮೂರು ಕೆರೆ ಒಡೆದವು ಮಗನೇ, ನಿನಗೂ ಕೇಳಬೇಕಾದ್ದು ಅದೇ ಆಯಿತೇ?"