ಮೂರನೇ ಕೂಗಿನ ಬಂಡೆ

ಹೊಂಬಳಗಡದ ಹಳೆಯ ಕಚೇರಿಗೆ ಈಗ ಸೂರಿಲ್ಲ. ನಾಲ್ಕು ಕಲ್ಲುಗೋಡೆ, ಒಂದು ಬಾಗಿಲು, ಎದುರಿಗೆ ಎರಡಾಳೆತ್ತರದ ಕರಿಬಂಡೆ, ಇಷ್ಟೇ. ನೋಡಲು ಬಂದವರು ಬಂಡೆಯ ಹೆಸರು ಕೇಳಿ, ಮೊದಲೆರಡು ಕೂಗು ಎಲ್ಲಿ ಹೋದವೆಂದು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು. ಹಿಂದೆ ಒಮ್ಮೆ ಈ ಊರು ಕುಂಪಣಿ ಸೀಮೆಯ ಕಟ್ಟಕಡೆಯ ಠಾಣ್ಯವಾಗಿತ್ತು. ಹೊಳೆ ದಾಟಿದರೆ ಬೇರೆಯವರ ರಾಜ್ಯ. ಅಲ್ಲಿಯವರೆಗೆ ಹಿರಿಯರು ಕಟ್ಟೆಯ ಮೇಲೆ ಕುಳಿತು ಬಗೆಹರಿಸುತ್ತಿದ್ದ ವ್ಯಾಜ್ಯಗಳಿಗೆಂದು ಕುಂಪಣಿಯ ಬಿಳಿ ದೊರೆ ಇಲ್ಲೊಂದು ಕೋರ್ಟು ಕಟ್ಟಿಸಿ, ತಾನೇ ಕುಳಿತು ತೀರ್ಪು ಕೊಡತೊಡಗಿದ. ಸಾಕ್ಷಿಗಳು ಹೊರಗೆ ಬಿಸಿಲಲ್ಲಿ ಕಾಯಬೇಕು. ಜವಾನ ಬಂಡೆ ಹತ್ತಿ ಹೆಸರು ಹಿಡಿದು ಮೂರು ಸಲ ಕೂಗಬೇಕು. ಓಗೊಟ್ಟವರು ಒಳಗೆ ಹೋಗಬಹುದು, ಓಗೊಡದವರ ಮಾತು ಕೋರ್ಟಿಗೆ ಬೇಡ. ಇದು ಅಂದಿನ ಕಾಯಿದೆ.

ಬೆಟ್ಟದ ಹಟ್ಟಿಯಲ್ಲಿ ಬೊಮ್ಮವ್ವ ಎಂಬವಳಿದ್ದಳು. ಅವಳ ತಮ್ಮ ಗಾದಿಲಿಂಗನನ್ನು ಠಾಣೆಯವರು ಹಿಡಿದು ತಂದರು. ಹೊಳೆ ದಾಟುವಲ್ಲಿ ವ್ಯಾಪಾರಿಯೊಬ್ಬನನ್ನು ಕೊಂದವನು ಇವನೇ ಎಂದು ಆರೋಪ. ಕೊಲೆಯಾದ ದಿನ ಅವನು ಬೆಳಗಿನಿಂದ ಬೈಗಿನವರೆಗೆ ಅಕ್ಕನ ಗುಡಿಸಲಿಗೆ ಹುಲ್ಲು ಹೊದಿಸುತ್ತಿದ್ದ. ಹಟ್ಟಿಯವರೆಲ್ಲ ಕುರಿಗಳ ಹಿಂದೆ ಹೋಗಿದ್ದರಿಂದ ಕಂಡವಳು ಅವಳೊಬ್ಬಳೇ. ಅವಳು ಕೋರ್ಟಿನಲ್ಲಿ ಆ ಒಂದು ಮಾತು ಹೇಳಿದರೆ ತಮ್ಮನ ಜೀವ ಉಳಿಯುತ್ತಿತ್ತು. ಆದರೆ ಆ ಹಟ್ಟಿಯವರಿಗೆ ಒಂದು ಕಟ್ಟುಪಾಡಿತ್ತು. ಯಾರೇ ಕರೆಯಲಿ, ಮೂರನೆಯ ಕೂಗಿಗೇ ಓಗೊಡುವುದು. ಮೊದಲೆರಡು ಮಾರಿಯ ಕೂಗಾಗಿರಬಹುದು, ಮೂರನೆಯ ಸಲ ಕೂಗಲು ಮಾರಿಗೆ ಅಪ್ಪಣೆಯಿಲ್ಲ ಎನ್ನುತ್ತಾರೆ. ಮಾತು ಕಲಿಯುವ ಕೂಸಿಗೂ ಇದನ್ನೇ ಹೇಳಿಕೊಡುತ್ತಿದ್ದರು. ಕೋರ್ಟಿನಲ್ಲೂ ಮೂರು ಸಲ ಕೂಗುತ್ತಾರೆಂದು ಕೇಳಿ ಬೊಮ್ಮವ್ವನಿಗೆ ಧೈರ್ಯ ಬಂದಿತ್ತಂತೆ, ಪಾಪ.

ಅಂದು ದೊರೆಗೆ ಮುಂದಿನ ಮೊಕ್ಕಾಮಿಗೆ ಹೊರಡುವ ಅವಸರ. ಜವಾನನೋ ಶುದ್ಧ ಮೈಗಳ್ಳ. ಕಾದ ಬಂಡೆಯ ಮೇಲೆ ಕಾಲು ಸುಡುತ್ತದೆಂದು ಎರಡೇ ಸಲ ಕೂಗಿ ಇಳಿದುಬಿಟ್ಟ; ಮೂರೂ ಸಲ ಕೂಗಿದೆ, ಹೆಂಗಸು ಬರಲಿಲ್ಲ ಎಂದು ಒಳಗೆ ಹೇಳಿದ. ಅವನ ಬಾಯಿಗೆ ಹುಳ ಬೀಳಲಿ. ಬೊಮ್ಮವ್ವ ಬಾಗಿಲಿಗೆ ಹತ್ತೇ ಹೆಜ್ಜೆ ದೂರದಲ್ಲಿ ಸೆರಗು ಬಿಗಿದು ನಿಂತಿದ್ದಳು. ಎರಡು ಕೂಗೂ ಕಿವಿಗೆ ಬಿದ್ದಿದ್ದವು. ನೀರು ಕುಡಿಯಲು ಇಳಿದಿದ್ದಾನೆ, ಮತ್ತೆ ಹತ್ತುತ್ತಾನೆ ಎಂದುಕೊಂಡಳು. ದೊರೆಯ ಕುದುರೆಗೆ ಜೀನು ಹಾಕುವುದನ್ನು ಕಂಡಾಗಲೇ ಅವಳು ನಿಂತ ಜಾಗ ಬಿಟ್ಟದ್ದು. ಓಡಿ ಬಂದು ಬಾಗಿಲಲ್ಲಿ ಬಿದ್ದು, “ಎರಡೇ ಕೂಗಿದ್ರಿ ಸ್ವಾಮಿ, ಇನ್ನೊಂದು ಬಾಕಿ ಐತಿ” ಎಂದಳು. ಅಷ್ಟರಲ್ಲಿ ತೀರ್ಪಿಗೆ ರುಜು ಬಿದ್ದಾಗಿತ್ತು. ಬೇಡಿ ತೊಟ್ಟು ಹೊರಬಂದ ಗಾದಿಲಿಂಗ ಅಕ್ಕನನ್ನು ಬಯ್ಯಲಿಲ್ಲ. ಒಳಗಿದ್ದ ಅವನಿಗೂ ಕೂಗು ಕೇಳಿಸಿತ್ತು.

“ಯಕ್ಕಾ, ನಾನೂ ಮೂರನೇ ಕೂಗಿಗೇ ಕಾಯ್ತಿದ್ದೆ” ಎಂದನಂತೆ.

ಎಂಟನೆಯ ದಿನ ಅವನನ್ನು ಗಲ್ಲಿಗೆ ಹಾಕಿದರು. ಬೊಮ್ಮವ್ವ ಹಟ್ಟಿಗೆ ಮರಳಲೇ ಇಲ್ಲ. ದಿನವೂ ಬಂಡೆ ಹತ್ತಿ ತನ್ನ ಹೆಸರನ್ನು ತಾನೇ ಒಂದೇ ಒಂದು ಸಲ ಕೂಗುವಳು. ಆಮೇಲೆ ದಡದಡನೆ ಇಳಿದು ಬಾಗಿಲಿಗೆ ಓಡಿ, “ಬಂದೆ ಸ್ವಾಮಿ, ನನ್ನ ತಮ್ಮ ಅವತ್ತು ನನ್ನ ಮನೀ ಹೊದಿಸ್ತಿದ್ದ” ಎನ್ನುವಳು. ಕೋರ್ಟು ಬೇರೆ ಊರಿಗೆ ಹೋಯಿತು, ಬಾಗಿಲಿಗೆ ಬೀಗ ಬಿತ್ತು, ಅವಳ ತಲೆ ಪೂರಾ ನೆರೆಯಿತು. ಕೂಗು ಮಾತ್ರ ನಿಲ್ಲಲಿಲ್ಲ. ಇವತ್ತು ಹೋದವರಿಗೂ ಬಂಡೆಯ ನೆತ್ತಿಯಿಂದ ಕೆಳಗಿನ ಹಾಸುಗಲ್ಲಿನ ಮೇಲೆ ಸವೆದ ಜಾಡೊಂದು ಕಾಣುತ್ತದೆ. ಅದು ಅವಳ ಪಾದ ಸವೆಸಿದ್ದು ಎನ್ನುತ್ತಾರೆ. ಜಾಡು ಹೊಸಿಲಿನವರೆಗೆ ಬಂದು ನಿಂತಿದೆ. ಒಳಗೆ ಹೋಗಿಲ್ಲ.