ಮಿಂಚಲೊಲ್ಲದ ರೆಕ್ಕೆ

ಅಂಗೈಯಗಲದ ಮಾದರಿ ಯುದ್ಧವಿಮಾನವೊಂದಕ್ಕೆ ಮಂಕು ಹಸಿರು ಬಣ್ಣ ಬಳಿದಾಗಿತ್ತು. ಇನ್ನು ಎರಡೂ ರೆಕ್ಕೆಗಳ ಮೇಲೆ, ನೀರಲ್ಲಿ ನೆನೆಸಿದ ತೆಳು ಹಾಳೆಯ ‘ಒಂಬತ್ತು’ ಎಂಬ ಒಂದೊಂದು ಅಂಕಿಯನ್ನು ಅಂಟಿಸಬೇಕು. ಅಷ್ಟರಲ್ಲಿ ಹೊಳಪಿನ ವಾರ್ನಿಷ್ ಶೀಶೆಯಿಂದ ಇಣುಕಿ, "ಮೊದಲು ನಾನೊಂದು ಕೈ ಬಳಿದು ಹೋಗಲೇ?" ಎಂದು ಕೇಳಿತು.

ಎಡರೆಕ್ಕೆ ಒಪ್ಪಿತು. ಬಲರೆಕ್ಕೆ ಮುಖ ತಿರುಗಿಸಿತು. "ಯುದ್ಧಕ್ಕೆ ಹೊರಟವನು ಮದುಮಗನ ಹಾಗೆ ಮಿಂಚುವುದೇ? ಕಡೆಗೆ ಮಂಕು ವಾರ್ನಿಷ್ ಬಂದು ನಿನ್ನನ್ನು ಹೇಗೂ ಮುಚ್ಚಿಬಿಡುತ್ತದೆ. ಕಾಣದ ಕೆಲಸಕ್ಕೆ ಯಾಕೆ ಒದ್ದಾಡುತ್ತೀ?"

"ನಿಮ್ಮಿಷ್ಟ" ಎಂದ ಹೊಳಪು ಎಡರೆಕ್ಕೆಗಷ್ಟೇ ಬಳಿದು ಶೀಶೆಗೆ ಮರಳಿತು.

ಅಂಕಿಗಳು ಬಂದವು. ಎಡರೆಕ್ಕೆಯ ನುಣುಪಿನ ಮೇಲೆ ಒಂಬತ್ತು ಮೆಲ್ಲಗೆ ಜಾರಿ, ಅಲ್ಲೇ ಹುಟ್ಟಿದ ಹಾಗೆ ಕೂತಿತು. ಬಲರೆಕ್ಕೆಯ ಒಂಬತ್ತು ಮಾತ್ರ ಮಿಸುಕಾಡಿತು. "ಅಣ್ಣಾ, ನಿನ್ನ ಮೈಯೆಲ್ಲ ತರಿತರಿ. ನನ್ನಡಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ."

"ಒಣಗಿದರೆ ಸರಿಹೋಗುತ್ತದೆ" ಎಂದಿತು ಬಲರೆಕ್ಕೆ.

ಒಣಗಿತು. ಸಿಕ್ಕಿದ ಗಾಳಿಯೆಲ್ಲ ಬೆಳ್ಳಿ ಬಣ್ಣದ ಮಚ್ಚೆಯಾಯಿತು. ಕೊನೆಗೆ ಮಂಕು ವಾರ್ನಿಷ್ ಬಂದು ಎರಡೂ ರೆಕ್ಕೆಗಳನ್ನು ಮುಚ್ಚಿತು. ಎಡರೆಕ್ಕೆಯ ಹೊಳಪು ಅಡಗಿ ಅಂಕಿಯಷ್ಟೇ ಉಳಿಯಿತು. ಬಲರೆಕ್ಕೆಯ ಬೆಳ್ಳಿ ಮಚ್ಚೆಗಳು ಮಾತ್ರ ಮರೆಯಾಗಲಿಲ್ಲ.

ಎಡರೆಕ್ಕೆ ನಗು ತಡೆದುಕೊಂಡು ಕೇಳಿತು: "ತಮ್ಮಾ, ಈಗ ನಮ್ಮಿಬ್ಬರಲ್ಲಿ ಮಿಂಚುತ್ತಿರುವವನು ಯಾರು?"

ಬಲರೆಕ್ಕೆ ತನ್ನ ಮಚ್ಚೆಗಳನ್ನು ನೋಡಿಕೊಂಡಿತು. ಆಮೇಲೆ, "ಇದನ್ನೆಲ್ಲ ಉಜ್ಜಿಸಿಕೊಂಡು ಬರುತ್ತೇನೆ. ಶೀಶೆಗೆ ಮುಚ್ಚಳ ಹಾಕಿಕೊಳ್ಳಬೇಡ ಅಂತ ಆ ಹೊಳಪಿಗೆ ಹೇಳು" ಎಂದಿತು.