ಮೈಕಿನವನ ಕೆಮ್ಮು

ಯಂತ್ರಗಳಿಗೆ ಬುದ್ಧಿ ಕಲಿಸುವ ಎರಡು ಕಂಪನಿಗಳಿದ್ದವು. ಅವುಗಳ ಯಜಮಾನರಾದ ಸೋಮಯಾಜಿ ಮತ್ತು ಪೊನ್ನಪ್ಪ ಹಾವು ಮುಂಗುಸಿಯಂತಿದ್ದರು. ಅಂದು ಇಬ್ಬರೂ ಮೊದಲ ಸಲ ಒಂದೇ ವೇದಿಕೆ ಹತ್ತಬೇಕಿತ್ತು. ಸಭಾಂಗಣ ಕಿಕ್ಕಿರಿದಿತ್ತು.

ದೊಡ್ಡವರು ಕೊನೆಗೆ ಬರುವುದು ನಮ್ಮ ಸಭೆಗಳ ಪದ್ಧತಿಯಲ್ಲವೇ? ಎಡಗಡೆ ಪರದೆಯ ಮರೆಯಲ್ಲಿ ಸೋಮಯಾಜಿ, "ಮೊದಲು ಅವನು ಹೋಗಲಿ" ಎಂದರು. ಬಲಗಡೆ ಪೊನ್ನಪ್ಪ, "ಅವನು ಹೋಗದೆ ನಾನು ಕದಲಲ್ಲ. ಇದರಲ್ಲೇನೋ ಮಸಲತ್ತಿದೆ" ಎಂದರು.

ಸಂಘಟಕರು ಮೈಕಿನವನ ಮೇಲೆ ಹರಿಹಾಯ್ದರು. "ಸುಮ್ಮನೆ ನಿಂತಿದ್ದೀಯಲ್ಲ! ಹೇಗಾದರೂ ಇಬ್ಬರನ್ನೂ ಕರೆಸು. ಇಲ್ಲದಿದ್ದರೆ ನಾಳೆಯಿಂದ ಈ ಕಡೆ ತಲೆ ಹಾಕಬೇಡ."

"ಆಗಲಿ ಸಾರ್" ಎಂದವನೇ ವೇದಿಕೆ ಹತ್ತಿ, ಮೈಕಿನ ಮುಂದೆ ಗತ್ತಿನಿಂದ ಕೆಮ್ಮಿದ. ಕಾದು ಬೇಸತ್ತಿದ್ದ ಜನ ಚಪ್ಪಾಳೆ ತಟ್ಟಿದರು.

"ಅಯ್ಯೋ, ಅವನು ಭಾಷಣ ಶುರುಮಾಡಿಬಿಟ್ಟ!" ಎಂದು, ಪರದೆಯ ಮರೆಯಲ್ಲಿ ಕೆಮ್ಮು, ಚಪ್ಪಾಳೆ ಮಾತ್ರ ಕೇಳಿಸಿಕೊಂಡ ಇಬ್ಬರೂ ಎರಡು ಕಡೆಯಿಂದ ಓಡಿಬಂದರು. ನಡುವೆ ಢಿಕ್ಕಿ ಹೊಡೆದು, ಬೀಳದಿರಲು ಒಬ್ಬರನ್ನೊಬ್ಬರು ಗಟ್ಟಿಯಾಗಿ ತಬ್ಬಿಕೊಂಡರು. "ಆಹಾ, ಎಂಥ ಸ್ನೇಹ!" ಎಂದು ಸಭೆ ಎದ್ದು ನಿಂತಿತು.

ಚಪ್ಪಾಳೆ ನಿಂತರೂ ಅಪ್ಪುಗೆ ಸಡಿಲಲಿಲ್ಲ.

"ಇನ್ನೂ ಯಾಕಯ್ಯ ಬಿಡ್ತಿಲ್ಲ?" ಎಂದು ಸಂಘಟಕರು ಪಿಸುಗುಟ್ಟಿದರು.

"ಮೊದಲು ಅವನು ಬಿಡಲಿ ಅಂತ ಇಬ್ಬರೂ ಕಾಯ್ತಿದ್ದಾರೆ ಸಾರ್. ಇದಕ್ಕೆ ನನ್ನ ಹತ್ತಿರ ಕೆಮ್ಮಿಲ್ಲ."